ಭದ್ರಮ್ಮನವರ ಹೆಸರು

"ಹನಗೋಡಿನ ಹೊಳೇಲಿ ಹಂಸ ಎಷ್ಟಿವೆಯಪ್ಪ ದೇವಯ್ಯ?" ಎಂದು, ಊರಿನ ಬಗ್ಗೆ ಅವನು ಬರೆದ ಪ್ರಬಂಧ ಹಿಡಿದು ನೀಲಕಂಠಸ್ವಾಮಿ ಮೇಷ್ಟ್ರು ಕೇಳಿದಾಗ ಮೈಸೂರಿನ ಕಾಲೇಜಿನ ತರಗತಿಯೆಲ್ಲ ಗೊಳ್ಳೆಂದಿತ್ತು. "ಕಾಣದ್ದು ಬರೀಬೇಡವೋ. ಕಣ್ಣಾರೆ ಕಂಡದ್ದು ಬರಿ. ಚೆನ್ನಾಗಿದ್ರೆ ಕಾಲೇಜಿನ ಪತ್ರಿಕೆಗೆ ಹಾಕ್ತೀನಿ."

ಆ ನಗು ವಾರವೆಲ್ಲ ದೇವಯ್ಯನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಕಂಡದ್ದನ್ನೇ ಬರೆದ. ಊರ ಬಾವಿಯನ್ನು ಅವನ ಕೇರಿಯವರು ಮುಟ್ಟುವಂತಿಲ್ಲ. ಅವ್ವ ಕೆಂಪಾಜಮ್ಮ ಗಡಿಗೆಯನ್ನು ಕಟ್ಟೆಯಿಂದಾಚೆ ಇಟ್ಟು, ಯಾರಾದರೂ ಸೇದಿ ಹುಯ್ಯಲೆಂದು ಕಾಯುತ್ತಾಳೆ. ಭದ್ರಮ್ಮನವರು ಮೊದಲು ಅವಳಿಂದ ಕೊಟ್ಟಿಗೆ ಬಾಚಿಸಿಕೊಂಡು ಆಮೇಲೆ ಹುಯ್ಯುತ್ತಾರೆ. ಹೆಸರು ಹಿಡಿದೇ ಬರೆದ. ಭದ್ರಮ್ಮನವರು ಮೇಷ್ಟ್ರ ತಾಯಿ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಶನಿವಾರ ಹನಗೋಡಿಗೆ ಹೊರಟ ಮೇಷ್ಟ್ರೂ ದೇವಯ್ಯನೂ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಎದುರಾದರು. ಮೇಷ್ಟ್ರು ಚೀಲದಿಂದ ದೇವಯ್ಯ ಕೊಟ್ಟಿದ್ದ ಪ್ರಬಂಧ ತೆಗೆದರು.

"ಮುತ್ತಿನಂಥ ಬರವಣಿಗೆ ಕಣಯ್ಯ. ಆ ಹೆಸರೊಂದು ತೆಗೆದುಬಿಡು. 'ಒಬ್ಬ ಮುದುಕಿ' ಅಂತ ಬರಿ, ಅಚ್ಚಿಗೆ ಕೊಡ್ತೀನಿ."

"ಕಂಡದ್ದು ಬರಿ ಅಂದೋರು ನೀವೇಯ ಸಾ."

"ವಯಸ್ಸಾದವಳು. ಅವಳ ಕಾಲ ಹಾಗೆ. ಈಗ ಕಾನೂನೇ ಬಂದಿದೆ. ನಾವೆಲ್ಲ ಹಾಗಿದ್ದೀವೇನೋ?"

"ಆ ಕಾನೂನ್ನ ನಮ್ಮವ್ವನ ಗಡಿಗೆಗೆ ಯಾರೂ ಸೇದಿ ಉಯ್ದಿಲ್ಲ ಸಾ. ನಿಮ್ಮವ್ವಾರ ಎಸ್ರು ತೆಗುದ್ರೆ ನಮ್ಮವ್ವನ್ದೂ ತೆಗೀಬೇಕು. ಆಮ್ಯಾಕೆ ಉಳಿಯೋದು ಆ ಅಂಸಾನೇಯ."

ಮೇಷ್ಟ್ರು ಹಾಳೆಗಳನ್ನು ಅವನ ಕೈಗೆ ತುರುಕಿದರು. ಬಸ್ಸಿನಲ್ಲಿ ಅವರು ಮುಂದೆ, ಇವನು ಹಿಂದೆ. ಹನಗೋಡಿನಲ್ಲಿ ಇಳಿದು ಇಬ್ಬರೂ ಒಂದೇ ಹಾದಿ ಹಿಡಿದರು. ಸಿಟ್ಟಿನ ನಡುವೆಯೂ ದೇವಯ್ಯನಿಗೊಂದು ಅಳುಕು: ಮೇಷ್ಟ್ರು ನಿಜಕ್ಕೂ ತಾಯಿಯಂತಲ್ಲದಿದ್ದರೆ? ಹಾಗಿದ್ದರೆ ಹೆಸರು ತೆಗೆಯಬಹುದಿತ್ತು.

ಬಾವಿಯ ಬಳಿ ಕೆಂಪಾಜಮ್ಮ ಖಾಲಿ ಗಡಿಗೆಯ ಪಕ್ಕ ಕೂತಿದ್ದಳು. ಮೇಷ್ಟ್ರನ್ನು ಕಂಡು ಎದ್ದು ದೂರ ಸರಿದಳು.

"ಬುದ್ದೀ, ವತ್ತಾರೆಯಿಂದ ಯಾರೂ ಉಯ್ದಿಲ್ಲ. ಒಸಿ ನೀರು ಉಯ್ರಿ."

ಮೇಷ್ಟ್ರು ದೇವಯ್ಯನತ್ತ ತಿರುಗಿದರು. ನೋಡೀಗ ಎಂಬಂತೆ ಚೀಲ ಕೆಳಗಿಟ್ಟು, ಪಂಚೆ ಎತ್ತಿಕಟ್ಟಿ, ಕಟ್ಟೆಯ ಮೇಲಿದ್ದ ಬಿಂದಿಗೆಯಲ್ಲಿ ಸೇದಿದರು. ತುಂಬಿದ ಬಿಂದಿಗೆಯನ್ನು ಗಡಿಗೆಯವರೆಗೆ ತಂದರು. ಅಲ್ಲಿ ಅವರ ಕೈ ತಾನಾಗಿಯೇ ಎದೆಮಟ್ಟಕ್ಕೆ ಏರಿತು. ಬಿಂದಿಗೆ ಗಡಿಗೆಗೆ ತಾಗದಂತೆ ನೀರು ಮೇಲಿನಿಂದ ಧಾರೆಯಾಗಿ ಬಿತ್ತು. ಅರ್ಧ ನೆಲದ ಪಾಲಾಯಿತು. ಹನಿ ಸಿಡಿದಾಗ ಮೇಷ್ಟ್ರ ಕಾಲು ಸರಕ್ಕನೆ ಹಿಂದೆ ಸರಿಯಿತು.

"ನಿಮ್ ವಟ್ಟೆ ತಣ್ಗಿರ್ಲಿ ಬುದ್ದೀ" ಎಂದಳು ಕೆಂಪಾಜಮ್ಮ.

ದೇವಯ್ಯ ಹಾದಿಬದಿಯ ಕಲ್ಲಿನ ಮೇಲೆ ಹಾಳೆ ಹರಡಿ, ಪೆನ್ಸಿಲ್ ತೆಗೆದು, ಭದ್ರಮ್ಮನವರ ಹೆಸರಿನ ಪಕ್ಕದಲ್ಲೇ ಮಗನ ಹೆಸರನ್ನೂ ಬರೆದ. ಬರೆದು ಮೇಷ್ಟ್ರ ಮುಂದೆ ಹಿಡಿದ.

"ತಕಳಿ ಸಾ. ಕಂಡದ್ದು ಇಷ್ಟೇಯ."