ಮೇಜರ್ ಬೇಲಿ ದಾಟಿದ್ದು

ಸೊಂಟದ ಆಪರೇಷನ್ನಿಗೆ ಆಸ್ಪತ್ರೆ ಸೇರುವಾಗ ಆಡ್ರೆ ತನ್ನ ಗಂಡನಿಗೆ ಹೇಳಿದ್ದು ಒಂದೇ ಮಾತು. "ನೀನು ಉಪವಾಸ ಬಿದ್ರೂ ಚಿಂತೆಯಿಲ್ಲ ವಿಲ್ಫ್, ಮೇಜರ್ ಮಾತ್ರ ಕಳೆದು ಹೋಗ್ಬಾರ್ದು."

ಮೇಜರ್ ಅಂದರೆ ಆಮೆ. ಆಡ್ರೆ ಏಳು ವರ್ಷದವಳಿದ್ದಾಗ ಅವಳಪ್ಪ ಕಲ್ಲಿದ್ದಲ ಗಣಿಯಲ್ಲಿ ಸಂಬಳ ಪಡೆದ ದಿನ ನ್ಯೂಕಾಸಲ್ ಸಂತೆಯಿಂದ ಕೋಟಿನ ಜೇಬಿನಲ್ಲಿ ಹಾಕಿಕೊಂಡು ತಂದದ್ದು. ಮರುವರ್ಷವೇ ಗಣಿ ಅವನನ್ನು ನುಂಗಿಕೊಂಡಿತು. ಅಪ್ಪನದು ಅಂತ ಅವಳ ಬಳಿ ಉಳಿದದ್ದು ಈ ಮೇಜರ್ ಒಬ್ಬನೇ.

ಪ್ರತಿ ಬೇಸಿಗೆಯಲ್ಲೂ ಆಡ್ರೆ ಹಿತ್ತಲಲ್ಲಿ ಹೆಣಿಗೆ ಹಿಡಿದು ಕೂರುತ್ತಿದ್ದಳು, ನಡುನಡುವೆ ತೂಕಡಿಸುತ್ತಿದ್ದಳು, ಮೇಜರ್ ತನ್ನ ಪಾಡಿಗೆ ತಿರುಗಾಡಿಕೊಂಡಿರುತ್ತಿದ್ದ. ದಿನವಿಡೀ ಹಾಗೆ ಕಾಯುವುದು ವಿಲ್ಫ್‌ನಿಂದ ಆಗುವ ಕೆಲಸವೇ? ಅವನಿಗೆ ಲೀಕ್ ಇದೆ. ಆ ಊರಿನ ಗಂಡಸರಿಗೆ ಲೀಕ್ ಎಂದರೆ ತರಕಾರಿಯಲ್ಲ, ಮಾನ. ಈರುಳ್ಳಿಯ ಕುಲದ ಆ ಬಿಳಿ ದಂಟನ್ನು ಮರಳು ಬೆರೆಸಿದ ಪಾತಿಯಲ್ಲಿ ನೆಟ್ಟು, ಮಗುವಿಗೆ ಉಣಿಸಿದಂತೆ ಉಣಿಸಿ ಬೆಳೆಸಿ, ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಸ್ಪರ್ಧೆಗೆ ಇಡಬೇಕು. ಹೊಟ್ಟೆಕಿಚ್ಚಿನಿಂದ ಕತ್ತಲಲ್ಲಿ ಬಂದು ಬೇರೆಯವರ ಪಾತಿ ಕೆದಕುವವರೂ ಅಲ್ಲಿ ಇಲ್ಲದೆ ಇಲ್ಲ.

ವಿಲ್ಫ್‌ನ ಪಾತಿಗೆ ಯಾರು ಕೈ ಹಾಕುತ್ತಾರೆಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಪ್ರತಿ ಜೂನಿನಲ್ಲಿ ಅವನ ಒಂದಲ್ಲ ಒಂದು ಒಳ್ಳೆಯ ಲೀಕ್ ಬುಡ ಸಡಿಲವಾಗಿ ವಾಲಿಕೊಂಡಿರುತ್ತಿತ್ತು. ಚಳಿಗಾಲದಲ್ಲಿ ಮಣ್ಣು ತಿರುವುವಾಗ ಬಿಳಿ ಮೊಟ್ಟೆಚಿಪ್ಪಿನ ಚೂರುಗಳು ಸಿಗುತ್ತಿದ್ದವು. ಇಡೀ ಬೀದಿಯಲ್ಲಿ ಕೋಳಿ ಸಾಕಿದವನು ಒಬ್ಬನೇ, ಪಕ್ಕದ ಮನೆಯ ಕತ್ಬರ್ಟ್. ಗಣಿಯಲ್ಲಿ ವಿಲ್ಫ್‌ನ ಜೊತೆಗಾರ, ಕ್ಲಬ್ಬಿನಲ್ಲಿ ಮೂರು ಸಲ ಕಪ್ ಗೆದ್ದವನು. ಇನ್ನೇನು ಬೇಕು ಸಾಕ್ಷಿ? ಹನ್ನೆರಡು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ವಿಲ್ಫ್‌ನ ತಮ್ಮ ತೀರಿಕೊಂಡಾಗ ಕತ್ಬರ್ಟ್ ಕರಿಕೋಟು ತೊಟ್ಟು ಸ್ಮಶಾನದ ಗೇಟಿನಲ್ಲಿ ನಿಂತಿದ್ದ. ವಿಲ್ಫ್ ಅವನ ಮುಂದೆಯೇ ಕಲ್ಲಿನಂತೆ ಹಾದು ಹೋಗಿದ್ದ.

ಈ ಜೂನಿನಲ್ಲಿ ಆಡ್ರೆ ಅತ್ತ ಹೋದದ್ದೇ, ವಿಲ್ಫ್ ತಂತಿ ಜಾಲರಿಯಿಂದ ಮೇಜರ್‌ಗೊಂದು ಆವರಣ ಕಟ್ಟಿದ. ಜಾಲರಿಯ ಆಚೆ ಲೀಕ್ ಪಾತಿ ಕಣ್ಣೆದುರೇ ಕಾಣುತ್ತಿತ್ತಲ್ಲ, ಮೇಜರ್ ಅದಕ್ಕೆ ತಲೆ ಒತ್ತಿ ಒತ್ತಿ ಮೂಗು ತರಚಿಕೊಂಡ. ವಿಲ್ಫ್ ಹಳೆಯ ಬಾಗಿಲಿನ ಹಲಗೆ ಅಡ್ಡ ಹಾಕಿದ. ಮೇಜರ್ ಮೂಲೆಯಲ್ಲಿ ಎರಡು ಹಲಗೆಗೂ ಕಾಲು ಕೊಟ್ಟು ಹತ್ತಿ, ಆಚೆ ಬಿದ್ದು, ಪಾತಿಯ ಅಂಚಿನಲ್ಲಿ ಸಿಕ್ಕಿಬಿದ್ದ. ಮೂಲೆಗಳಿಗೆ ಮೇಲಿನಿಂದ ಪಟ್ಟಿ ಹೊಡೆದದ್ದಾಯಿತು. ಮೇಜರ್ ಅಡಿಯಲ್ಲಿ ತೋಡಿದ. ಹಲಗೆಯ ಬುಡಕ್ಕೆ ಕಲ್ಲು ಚಪ್ಪಡಿ ಹೂತದ್ದೂ ಆಯಿತು.

ಆಮೇಲೆ ಮೇಜರ್ ತಪ್ಪಿಸಿಕೊಳ್ಳಲಿಲ್ಲ. ಆದರೆ ಊಟ ಬಿಟ್ಟ. ಅವನಿಗೆ ಪ್ರಾಣವಾಗಿದ್ದ ಹಳದಿ ಹೂಗಳು ಬಾಡಿ ಬಿದ್ದಿದ್ದವು. ಹಲಗೆಗೆ ಮೈ ಉಜ್ಜಿಕೊಂಡು ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ನಡೆಯುತ್ತಿದ್ದ.

"ನಿನಗೆ ನಾನಂದ್ರೆ ಇಷ್ಟೊಂದು ಅಸಹ್ಯವೇನಯ್ಯ?" ಎಂದು ವಿಲ್ಫ್ ಅವನ ಮುಂದೆ ಮೊಣಕಾಲೂರಿ ಕೇಳಿದ.

ಆಡ್ರೆ ಫೋನಿನಲ್ಲಿ "ಮೇಜರ್ ತಿಂತಿದ್ದಾನಾ?" ಎಂದಳು.

"ಬಕಾಸುರನ ಥರ ತಿಂತಿದ್ದಾನೆ" ಎಂದುಬಿಟ್ಟ. ಹೇಳಿದ ಮೇಲೆ ಅವನಿಗೇ ಊಟ ಸೇರಲಿಲ್ಲ. ಅವಳು ಮನೆಗೆ ಬರುವಷ್ಟರಲ್ಲಿ ಇದು ಸತ್ತೇ ಹೋದರೆ ಯಾವ ಮುಖ ಇಟ್ಟುಕೊಂಡು ಬಾಗಿಲು ತೆಗೆಯುವುದು?

ಮರುದಿನ ಕತ್ಬರ್ಟ್‌ನ ಹೆಂಡತಿ ಹೆಟ್ಟಿ ಗೋಡೆಯ ಮೇಲಿಂದ ಒಂದು ಬಟ್ಟಲು ಮೊಟ್ಟೆ ಚಾಚಿದಳು. ಗಂಡಸರ ಜಗಳವನ್ನು ಹೆಂಗಸರು ಮೊದಲಿನಿಂದಲೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. "ಆಡ್ರೆ ಬಂದ್ಮೇಲೆ ಬೇಯಿಸಿ ಕೊಡು." ಮೊಟ್ಟೆಗಳು ಚಹಾದ ಬಣ್ಣದವು. ವಿಲ್ಫ್ ಅವನ್ನು ನೋಡಿಯೂ ನೋಡದೆ ಬಟ್ಟಲನ್ನು ಗೋಡೆಯ ಮೇಲೇ ಇಟ್ಟ. ಹೆಟ್ಟಿಯ ಕಣ್ಣು ಮೇಜರ್ ಮೇಲಿತ್ತು.

"ಗೂಡಿನ ಬಾಗಿಲು ಹಾಕಿಬಿಟ್ರೆ ನಮ್ ಕೋಳಿಗಳೂ ಹೀಗೇ ಒದ್ದಾಡ್ತವೆ. ಮೊಟ್ಟೆ ಇಡೋಕೆ ಜಾಗ ಹುಡುಕ್ತಿರಬೇಕು ಇದು."

"ಮೊಟ್ಟೆನಾ? ಮೇಜರ್ ಗಂಡಸು ಕಣಮ್ಮ!"

"ಯಾರು ನೋಡಿದ್ದು?"

ಯಾರೂ ನೋಡಿರಲಿಲ್ಲ. ಆಡ್ರೆಯ ಅಪ್ಪ ಮೇಜರ್ ಅಂದಿದ್ದ, ಎಲ್ಲರೂ ಮೇಜರ್ ಅಂದಿದ್ದರು.

ಮಧ್ಯಾಹ್ನ ಪಶುವೈದ್ಯೆ ಎಕ್ಸ್‌ರೇ ತೋರಿಸಿದಳು. ಹೊಟ್ಟೆಯೊಳಗೆ ಐದು ದುಂಡನೆಯ ಮೊಟ್ಟೆ. ಗಂಡಿಲ್ಲದಿದ್ದರೂ ಇಡುತ್ತವಂತೆ, ಮರಿ ಮಾತ್ರ ಆಗುವುದಿಲ್ಲವಂತೆ. "ಬಿಸಿಲು ಬೀಳೋ ಕಡೆ ಸಡಿಲವಾದ ಮರಳು ಮಣ್ಣು ಬೇಕು ಇವಳಿಗೆ. ಸಿಗದೇ ಹೋದ್ರೆ ಮೊಟ್ಟೆ ಒಳಗೇ ಉಳಿದು ಜೀವಕ್ಕೇ ಸಂಚಕಾರ. ನಿಮ್ ಹಿತ್ತಲಲ್ಲಿ ಅಂಥ ಜಾಗ ಇದೆಯಾ?"

ಇತ್ತು. ಒಂದೇ ಒಂದು ಜಾಗ. ನಲವತ್ತು ವರ್ಷ ವಿಲ್ಫ್ ಕೈಯಾರೆ ಜರಡಿ ಹಿಡಿದ ಮಣ್ಣು. ಅದರಲ್ಲಿ ಈ ವರ್ಷ, ಜೀವಮಾನದಲ್ಲಿ ಮೊದಲ ಸಲ, ಕಪ್ ಗೆಲ್ಲುವಂಥ ಲೀಕ್‌ಗಳಿದ್ದವು.

ಮನೆಗೆ ಬಂದು ಪಾತಿಯ ಮುಂದೆ ಒಂದು ಗಳಿಗೆ ನಿಂತ. ಆಮೇಲೆ "ಹೋಗು ತಾಯಿ, ನಿನ್ನ ಇಷ್ಟ" ಎಂದು ಮೇಜರ್‌ಳನ್ನು ಕೆಳಗಿಟ್ಟ.

ಅವಳು ಅತ್ತಿತ್ತ ನೋಡಲಿಲ್ಲ. ತವರಿನ ದಾರಿ ತಿಳಿದವಳ ಹಾಗೆ ನೇರವಾಗಿ ಎಲ್ಲಕ್ಕಿಂತ ದಪ್ಪಗಿದ್ದ ಲೀಕ್‌ನ ಬುಡಕ್ಕೇ ಹೋಗಿ, ಬೆನ್ನು ತಿರುಗಿಸಿ, ಹಿಂಗಾಲಿನಿಂದ ತೋಡತೊಡಗಿದಳು. ಮಣ್ಣು ಸರಿಯಿತು, ಲೀಕ್ ವಾಲಿತು. ವಿಲ್ಫ್ ಹಲ್ಲು ಕಚ್ಚಿಕೊಂಡು ಕುಳಿತ. ಬಹಳ ಹೊತ್ತಿನ ಮೇಲೆ ಮೊದಲ ಮೊಟ್ಟೆ ಗುಂಡಿಗೆ ಬಿತ್ತು.

ಅಚ್ಚ ಬಿಳಿ.

ವಿಲ್ಫ್ ಗೋಡೆಯ ಮೇಲಿದ್ದ ಹೆಟ್ಟಿಯ ಬಟ್ಟಲಿನ ಕಡೆ ನೋಡಿದ. ಕತ್ಬರ್ಟ್‌ನ ಕೋಳಿಗಳು ಯಾವತ್ತು ಬಿಳಿ ಮೊಟ್ಟೆ ಇಟ್ಟಿದ್ದವು? ಪ್ರತಿ ಜೂನ್ ಬುಡ ಸಡಿಲ, ಪ್ರತಿ ಚಳಿಗಾಲ ಬಿಳಿ ಚಿಪ್ಪು. ಇವಳೇ. ಹನ್ನೆರಡು ವರ್ಷವೂ ಇವಳೇ.

ಸಂಜೆ ಆಡ್ರೆಗೆ ಫೋನಿನಲ್ಲಿ ಎಲ್ಲ ಒಪ್ಪಿಸಿದ, ಬಕಾಸುರನ ಸುಳ್ಳನ್ನೂ ಸೇರಿಸಿ. "ಹಾಗಾದ್ರೆ ಮೇಜರ್ ನಮ್ಮನ್ನ ಬಿಟ್ಟು ಓಡಿಹೋಗೋಕೆ ನೋಡ್ತಿರಲಿಲ್ಲ" ಎಂದು ಅತ್ತಳು. ಮೂಗು ಒರೆಸಿಕೊಂಡ ಮೇಲೆ ಕೇಳಿದಳು, "ಕತ್ಬರ್ಟ್‌ಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ಇಲ್ಲಿ ಯಾಕೆ ಹರಟೆ ಹೊಡೀತಿದ್ದೀಯ? ಇಡು ಫೋನು."

ಕತ್ಬರ್ಟ್ ತನ್ನ ಪಾತಿಗೆ ನೀರು ಬಿಡುತ್ತಿದ್ದ. ವಿಲ್ಫ್ ಹಿಂದಿನ ಗಲ್ಲಿಯಿಂದ ಒಳಗೆ ಬಂದು ಅಂಗೈ ಚಾಚಿದ. ಅದರಲ್ಲಿ ಒಂದು ಬಿಳಿ ಮೊಟ್ಟೆ.

"ಏನಿದು?"

"ನನ್ ಲೀಕ್ ಕೆಡಿಸ್ತಿದ್ದ ಕಳ್ಳಿ ಸಿಕ್ಕಿದ್ಲು. ನಮ್ಮನೆ ಆಮೆ. ನೀನಲ್ಲ."

ಕತ್ಬರ್ಟ್ ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ನಿನ್ ತಮ್ಮನ ಮಣ್ಣಿಗೆ ಬಂದಿದ್ದೆ ನಾನು."

"ನೋಡಿದ್ದೆ."

"ನೀನು ನೋಡಿದ್ದು ನನಗೂ ಗೊತ್ತು."

"ತಪ್ಪಾಯ್ತು ಕಣೋ. ದೊಡ್ಡ ತಪ್ಪಾಯ್ತು."

ಕತ್ಬರ್ಟ್ ನಲ್ಲಿ ನಿಲ್ಲಿಸಿದ. ಮೊಟ್ಟೆಯನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡ. "ಲೀಕ್ ಎಷ್ಟು ವಾಲಿದೆ?"

"ಅರ್ಧ."

"ಬೇರು ಒಣಗೋಕೆ ಬಿಟ್ಯಾ ದಡ್ಡ? ನಡಿ, ಈಗಲೇ ನೋಡಬೇಕು."

ಮೊಟ್ಟೆ ಇಟ್ಟು ಹಗುರಾದ ಮೇಜರ್ ಹಲಗೆಯ ಬದಿಯಲ್ಲಿ ಹಳದಿ ಹೂ ಮೇಯುತ್ತಿದ್ದಳು. ಕತ್ಬರ್ಟ್ ನೋಯುವ ಮಂಡಿಯನ್ನು ಮೆಲ್ಲಗೆ ಊರಿ ಪಾತಿಯ ಪಕ್ಕದಲ್ಲಿ ಕುಳಿತ. ವಿಲ್ಫ್ ಹನ್ನೆರಡು ವರ್ಷ ಶಪಿಸಿದ ಕೈಗಳು ಅವನ ಲೀಕ್‌ನ ಬುಡಕ್ಕೆ ಮೊದಲ ಸಲ ಬಿದ್ದದ್ದು ಆಗಲೇ. ಎರಡೂ ಕೈಯಿಂದ ಮಣ್ಣು ಎಳೆದು, ದಂಟನ್ನು ನೇರ ಮಾಡಿ, ಅವನು ಮೆತ್ತಗೆ ಒತ್ತಿದ.

"ಹಿಡ್ಕೋ, ಅಲ್ಲಾಡಿಸಬೇಡ" ಎಂದ. ವಿಲ್ಫ್ ಹಿಡಿದುಕೊಂಡ.