ಬೂಟು ಹಾಕಿಕೊಂಡು ಈಜುವ ಪರೀಕ್ಷೆ

“ಈಜಿನ ಡಿಪ್ಲೊಮಾ ಬಂದ್ರ ಮಾತ್ರ ದೋಣಿ ಹತ್ತೋದು ಅಮ್ಮಿ. ಇಲ್ಲಾಂದ್ರ ನೀವು ಹೋಟೆಲ್‌ನ್ಯಾಗ ಕುಂಡ್ರೋದು,” ಎಂದು ಮಗ ಉವೈಸ್ ಷರತ್ತು ಹಾಕಿದ್ದ.

ಗದಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದವಳು ನಾನು. ಕೆರಿಬಿಯನ್ ದ್ವೀಪಗಳನ್ನು ಕೋಲಿನಿಂದ ಮುಟ್ಟಿ ತೋರಿಸಿ ತೋರಿಸಿ, ನಮ್ಮ ನಕಾಶೆ ಅಲ್ಲಿಯೇ ತೂತು ಬಿದ್ದಿತ್ತು. ಅವುಗಳಲ್ಲಿ ಕೆಲವು ಈ ಡಚ್ಚರ ರಾಜ್ಯಕ್ಕೇ ಸೇರಿದವು, ಆಮ್‌ಸ್ಟರ್‌ಡ್ಯಾಮ್‌ನಿಂದ ನೇರ ವಿಮಾನವಿದೆ ಎಂದು ವೆಲ್ಡ್‌ಹೋವನ್ ಎಂಬ ಡಚ್ ಊರಿನ ಅವನ ಮನೆಯಲ್ಲಿ ಮಗನಿಗೆ ಹೇಳಿದವಳೂ ನಾನೇ. ಮೊದಲು ಕ್ಯುರಸಾವ್, ಆಮೇಲೆ ಬೊನೇರ್ ಎಂದು ಪ್ರವಾಸ ನಿಶ್ಚಯವಾಯಿತು. ಬೊನೇರ್‌ನ ಎದುರಿಗೆ ಯಾರೂ ವಾಸಿಸದ ಒಂದು ಪುಟ್ಟ ನಡುಗಡ್ಡೆಯಿದೆ. ಹೋಟೆಲಿಲ್ಲ, ಅಂಗಡಿಯಿಲ್ಲ, ಬರೀ ಬಿಳಿ ಮರಳು. ನನಗೆ ಬೇಕಾಗಿದ್ದದ್ದು ಅದು.

ಅದಕ್ಕಾಗಿಯೇ ಅರವತ್ತೆಂಟನೆಯ ವಯಸ್ಸಿನಲ್ಲಿ ಈಜು ಕಲಿತೆ. ಎರಡು ಬೇಸಿಗೆ ಇಲ್ಲಿಗೆ ಬಂದಾಗಲೂ, ಆರು ವರ್ಷದ ಮೊಮ್ಮಗಳು ಮಹನೂರ್ ಜೊತೆ ವಾರಕ್ಕೆರಡು ದಿನ ಕೊಳಕ್ಕೆ ಹೋದೆ. ಇಬ್ಬರದೂ ಒಂದೇ ದಿನ ಪರೀಕ್ಷೆ.

ಆ ಬೆಳಿಗ್ಗೆ ನಾನು ಹಳೆಯ ಸಲ್ವಾರ್ ಕಮೀಜು ತೊಟ್ಟು ಕ್ಯಾನ್‌ವಾಸ್ ಬೂಟಿನ ದಾರ ಕಟ್ಟುವುದನ್ನು ನೋಡಿ ಉವೈಸ್ ಕಂಗಾಲಾದ.

“ಏನ್ರೀ ಅಮ್ಮಿ ಇದು? ಅಮ್ರೀನ್ ಅಷ್ಟು ಹುಡುಕಿ ಮೈತುಂಬ ಮುಚ್ಚೋ ಈಜಿನ ಅರಿವಿ ತಂದಾಳ. ಇದನ್ನ ಹಾಕ್ಕೊಂಡು ಇಳದ್ರ ಎಲ್ಲಾರೂ ನಗ್ತಾರ್ರೀ.”

“ನಗ್ಲಿ ಬಿಡೋ. ನಕ್ಕವರ ಹಲ್ಲು ಕಾಣ್ತಾವ.”

ಸೊಸೆ ಅಮ್ರೀನ್ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು. ತರಗತಿಗೆ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದವಳು ಅವಳು; ಬೂಟಿನ ಗುಟ್ಟು ಅವಳಿಗೆ ಗೊತ್ತಿತ್ತು. ನಾವಿಬ್ಬರೂ ಬಾಯಿ ಬಿಡಲಿಲ್ಲ.

ಕೊಳದ ಬಾಗಿಲು ತೆರೆಯಿತು. ಹನ್ನೊಂದು ಮಕ್ಕಳು ಅಂಗಿ, ಚಡ್ಡಿ, ಬೂಟು ಹಾಕಿಕೊಂಡು ಒಬ್ಬರ ಹಿಂದೊಬ್ಬರು ಬಂದರು.

“ಇವ್ರೇನ್ ಸಾಲಿಗೆ ಹೊಂಟಾರೇನು?” ಎಂದ ಉವೈಸ್.

“ಅಬ್ಬಾ, ಎವ್ರಿಬಡಿ ನೋಸ್!” ಎಂದಳು ಮಹನೂರ್ ಅಪ್ಪನತ್ತ ತಿರುಗಿ. “ಕಾಲುವೆಗೆ ಬೀಳುವಾಗ ಸ್ವಿಮ್‌ಸೂಟ್ ಹಾಕಿರ್ತೀವಾ?”

ಎಂಟು ವರ್ಷ ಈ ಊರಲ್ಲಿದ್ದರೂ ನನ್ನ ಮಗನಿಗೆ ಅದು ಹೊಳೆದಿರಲಿಲ್ಲ.

ಪ್ರೇಕ್ಷಕರ ಗ್ಯಾಲರಿಯಿಂದ ಯಾವುದೋ ಮಗುವಿನ ಅಜ್ಜ ಕೈ ಚಾಚಿ, ನಾನು ಕೇಳದೆಯೇ ನನ್ನ ಕನ್ನಡಕ ಇಸಿದುಕೊಂಡು ಜೇಬಿನಲ್ಲಿ ಜೋಪಾನವಾಗಿಟ್ಟರು. ನಾನು ಜಿಗಿದೆ. ಬೂಟು ಕಲ್ಲಿನಂತೆ ಕೆಳಗೆಳೆಯಿತು, ಕಮೀಜು ಉಬ್ಬಿತು. ಆದರೂ ದಡ ಮುಟ್ಟಿದೆ. ಬೆನ್ನ ಮೇಲೂ ಈಜಿದೆ. ಉಳಿದದ್ದು ಒಂದೇ: ನೀರೊಳಗೆ ಇಳಿಬಿಟ್ಟ ಪರದೆಯ ತೂತಿನೊಳಗಿಂದ ಮುಳುಗಿ ಪಾರಾಗುವುದು.

ತಲೆ ಮುಳುಗಿದೊಡನೆ ಮೇಲೆ ಬಂದುಬಿಟ್ಟೆ. “ಚಾಂದ್ ಬಿ, ಇನ್ನೊಮ್ಮೆ,” ಎಂದಳು ಕಲಿಸುವ ಹುಡುಗಿ. ಎರಡನೆಯ ಸಲ ಅವಳು ಪರದೆಯನ್ನು ಸದ್ದಿಲ್ಲದೆ ಒಂದು ಗೇಣು ಮೇಲಕ್ಕೆತ್ತಿ ಹಿಡಿದಿದ್ದಳು. ಅದು ನಿಯಮದಲ್ಲಿ ಇರಲಾರದು. ಆದರೂ ನನ್ನಿಂದ ಆಗಲಿಲ್ಲ.

ಮಹನೂರ್‌ಗೆ ಡಿಪ್ಲೊಮಾ ಬಂತು. ನನಗೊಂದು ಒಣ ಟವೆಲು ಬಂತು. ಅಜ್ಜ ಕನ್ನಡಕವನ್ನು ತಮ್ಮ ಕರವಸ್ತ್ರದಲ್ಲಿ ಒರೆಸಿ ಕೊಟ್ಟರು.

ಉವೈಸನ ಮುಖದಲ್ಲಿ ನೆಮ್ಮದಿ ಕಂಡಿತು. “ಆತಲ್ಲ ಅಮ್ಮಿ. ಇಷ್ಟು ಮಾಡಿದ್ದ ದೊಡ್ಡದು. ಮುಂದಿನ ವರ್ಷ ನೋಡೋಣು.”

“ಎಲ್ಲಿ, ನಿನ್ನ ಡಿಪ್ಲೊಮಾ ತೋರ್ಸು.”

“ನನ್ನದಾ?”

“ದೋಣಿ ಹತ್ತಾಕ ಡಿಪ್ಲೊಮಾ ಬೇಕಂದಿ. ನಿನ್ನದು ಎಲ್ಲೈತಿ?”

“ಅಮ್ಮಿ, ನನಗ ಈಜಾಕ ಬರೂದಿಲ್ಲ. ನಿಮಗ ಗೊತ್ತೈತಿ.”

“ಗೊತ್ತೈತಿ. ಮೊಣಕಾಲು ನೀರು ಕಂಡ್ರ ಅಳತಿದ್ದಿ. ಹಂಗಾದ್ರ ಇಬ್ರೂ ಹೋಟೆಲ್‌ನ್ಯಾಗ ಕುಂಡ್ರೋಣು. ಇಲ್ಲಾಂದ್ರ ಇಬ್ರೂ ಹೋಗೋಣು. ದೋಣಿಯವಗ ನಾ ಆಗಲೇ ಪತ್ರ ಬರದು ಕೇಳೀನಿ. ಲೈಫ್ ಜಾಕೆಟ್ ಕೊಡ್ತಾನಂತ. ಡಿಪ್ಲೊಮಾ ಕೇಳಾಂವ ನೀ ಒಬ್ಬನ.”

“ರೀ, ಅಮ್ಮಿ ಪಾಯಿಂಟ್ ಕರೆಕ್ಟಾಗಿದೆ,” ಎಂದಳು ಬೆಂಗಳೂರಿನ ಅಮ್ರೀನ್. ಉವೈಸ್ ಮಗಳ ಡಿಪ್ಲೊಮಾವನ್ನು ಎರಡು ಸಲ ಓದಿದ.

ಮೂರು ವಾರದ ನಂತರ ದೋಣಿ ನಡುಗಡ್ಡೆಯ ಬಳಿ ಸೊಂಟದಾಳದ ನೀರಿನಲ್ಲಿ ನಿಂತಿತು. ಮರಳಿನ ಮೇಲೆ ಮನುಷ್ಯರ ಹೆಜ್ಜೆಯಿರಲಿಲ್ಲ. ಆಮೆಯೊಂದು ರಾತ್ರಿ ಹತ್ತಿಳಿದ ಗೆರೆ ಮಾತ್ರ ಇತ್ತು. ದೋಣಿಯವ ಕೈಯಾಸರೆ ಕೊಟ್ಟು ನನ್ನನ್ನು ನೀರಿಗಿಳಿಸಿದ. ಅದೇ ಸಲ್ವಾರ್, ಅದೇ ಬೂಟು. ಮಹನೂರ್ ಆಗಲೇ ತಾಯಿಯೊಡನೆ ನೀರಾಡುತ್ತಿದ್ದಳು.

ಉವೈಸ್ ಕಿತ್ತಳೆ ಜಾಕೆಟ್ಟಿನಲ್ಲಿ ದೋಣಿಯ ಅಂಚು ಬಿಗಿಹಿಡಿದು ಕೂತಿದ್ದ. “ಅಮ್ಮಿ, ಎಷ್ಟು ಆಳ ಐತ್ರಿ?”

“ನನ್ನ ಸೊಂಟದ ಮಟ ಐತಿ, ಕಾಣವಲ್ದೇನು? ಇಳಿ, ಕೈ ಹಿಡ್ಕೋ.”

ಇಳಿದ. ಅವನು ಚಿಕ್ಕವನಿದ್ದಾಗಿನಂತೆಯೇ ಬೆರಳು ಹಿಂಡಿದ. ಅವನನ್ನು ಮೊಣಕಾಲು ನೀರಿಗೆ ಮುಟ್ಟಿಸಿ, ನಾನು ತಿರುಗಿ ಈಜಿದೆ. ತಲೆಯನ್ನು ನೀರೊಳಗೆ ಮುಳುಗಿಸೆಂದು ಅಲ್ಲಿ ಯಾರೂ ಹೇಳಲಿಲ್ಲ.