ಮಾವನ ಹೆಬ್ಬೆರಳು

ಬಾಗೂರಿನ ಪುಟ್ಟಸ್ವಾಮಿಯವರ ಮನೆಯಲ್ಲಿ ಹಗಲು ಹೊತ್ತು ಇರುತ್ತಿದ್ದುದು ಎರಡು ಫೋನು. ಎರಡನ್ನೂ ಒತ್ತುತ್ತಿದ್ದುದು ಸೊಸೆ ಸ್ನೇಹಲತಾ. ಒಂದು ಅವಳದು, ಇನ್ನೊಂದು ಮಾವನದು. ಮಾವನಿಗೆ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಮಾಡಿಸಿ ಅಂದರೆ ಸುಗ್ಗಿ ಕಳೀಲಿ ಅನ್ನುತ್ತಿದ್ದರು, ಸುಗ್ಗಿ ಕಳೆದರೆ ಬಿಸಿಲು ಇಳೀಲಿ ಅನ್ನುತ್ತಿದ್ದರು. ಗಂಡ ಹರ್ಷವರ್ಧನನಿಗೆ ಹಾಸನದಲ್ಲಿ ಅಂಗಡಿ, ಬೆಳಗ್ಗೆ ಹೋದರೆ ಕತ್ತಲಾದ ಮೇಲೇ ಬರುವುದು. ಹಾಗಾಗಿ ಮಾವನಿಗೆ ಬಂದದ್ದನ್ನು ಓದಿ ಹೇಳುವವಳೂ ಅವಳೇ, ಮಾವ ಹೇಳಿದ್ದನ್ನು ಬರೆಯುವವಳೂ ಅವಳೇ.

ಬರುವುದೇನು ಕಡಿಮೆಯೇ? ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಅಂತ ಚದುರಿಹೋದ ನೆಂಟರೆಲ್ಲ ಸೇರಿ ವಾಟ್ಸಾಪಿನಲ್ಲಿ 'ಬಾಗೂರು ಬಂಧುಗಳು' ಅಂತ ಗುಂಪು ಕಟ್ಟಿಕೊಂಡಿದ್ದರು. ಮದುವೆ ಮನೆಯಲ್ಲಿ ಮೊದಲ ವೀಳ್ಯ ಪುಟ್ಟಸ್ವಾಮಿಯವರಿಗೆ ಕೊಟ್ಟ ಮೇಲೇ ಮಿಕ್ಕವರಿಗೆ ಕೊಡುವುದು ಆ ವಂಶದ ಪದ್ಧತಿ. ಯಾರೂ ಹೇಳದೆ ಕೇಳದೆ ಆ ಪದ್ಧತಿ ಫೋನಿನೊಳಕ್ಕೂ ಬಂದು ಕೂತಿತ್ತು. ಯಾರದೇ ಸುದ್ದಿ ಬರಲಿ, ಮೊದಲು ಪುಟ್ಟಸ್ವಾಮಿಯವರ ಹೆಸರಿನಲ್ಲಿ ಒಂದು ಮಾತು ಬೀಳಬೇಕು. ಆಮೇಲೆ ನೋಡಬೇಕು ಮಜಾ, ಹೂವೇನು, ಕೈ ಮುಗಿಯುವುದೇನು, ಓಂ ಶಾಂತಿ ಏನು! ಒಂದು ಸಲ ಅರಕಲಗೂಡಿನ ಸಂಜಯ್ ಯಾರದೋ ಗೃಹಪ್ರವೇಶಕ್ಕೆ ತಾನೇ ಮೊದಲು ಶುಭಾಶಯ ಹೇಳಿಬಿಟ್ಟ. ನಿಮ್ಮ ಹುಡುಗ ಬಾಳ ದೊಡ್ಡೋನಾಗ್ಬುಟ್ಟ ಕಣಕ್ಕ ಅಂತ ಅವನ ತಾಯಿಗೆ ಮೂರು ತಾಲ್ಲೂಕಿನಿಂದ ಫೋನು ಬಂತು. ಅಂದಿನಿಂದ ಸಂಜಯನ ಬಾಯಿ ಬಂದ್.

ಸ್ನೇಹಲತಾಗೆ ಇದೆಲ್ಲ ಸಾಕುಸಾಕಾಗಿತ್ತು. ಸಾರಿಗೆ ಒಗ್ಗರಣೆ ಹಾಕುವಾಗ ಹುಟ್ಟುಹಬ್ಬ, ಹಸು ಕರೆಯುವಾಗ ಸಾವು. ತಡವಾದರೆ ಗುಂಪು ಗುಂಪೇ ಕಾದು ಕೂತಿರುತ್ತಿತ್ತು. ಅದನ್ನು ನೆನೆದರೇ ಅವಳಿಗೆ ತೋಳು ಸೋತಂತಾಗುತ್ತಿತ್ತು.

ಆ ದಿನ ಬೆಳಗ್ಗೆ ಗುಂಪಿಗೆ ಬಂದದ್ದು ನಾದಿನಿ ಮೇಘಶ್ರೀ ಹಾಕಿದ ಫೋಟೋ. ಬಿಳಿ ಟವೆಲ್ಲಿನಲ್ಲಿ ಸುತ್ತಿದ ಹೆಣ್ಣುಮಗು. ಕೆಳಗೆ, ಭಾನುವಾರ ಹೆಸರಿಡುತ್ತೇವೆ, ಎಲ್ಲರೂ ಬನ್ನಿ ಅಂತ ಒಂದೇ ಸಾಲು.

ಮೇಘಶ್ರೀ ಪುಟ್ಟಸ್ವಾಮಿಯವರ ಮಗಳೇ. ಮೊದಲ ಗಂಡ ಅಪಘಾತದಲ್ಲಿ ತೀರಿಹೋದ. ಆಮೇಲೆ ಹೊಳೆನರಸೀಪುರದಲ್ಲಿ ಮೇಷ್ಟ್ರಾಗಿದ್ದ ಸಿದ್ದೇಶ್ವರನನ್ನು ಮದುವೆಯಾದಳು. ಗಂಡ ಸತ್ತವಳು ಮತ್ತೆ ತಾಳಿ ಕಟ್ಟಿಸಿಕೊಳ್ಳುವುದು ನಮ್ಮ ಮನೆತನದಲ್ಲಿಲ್ಲ, ಜನ ಏನಂತಾರೆ ಅಂತ ಪುಟ್ಟಸ್ವಾಮಿ ಮದುವೆಗೆ ಹೋಗಲಿಲ್ಲ. ಅವರು ಹೋಗಲಿಲ್ಲ ಅಂತ ಯಾರೂ ಹೋಗಲಿಲ್ಲ. ಗುಂಪಿನಿಂದ ಅವಳನ್ನು ತೆಗೆದೂ ಹಾಕಲಿಲ್ಲ. ತೆಗೆದರೆ, ತೆಗೆದವರು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದಲ್ಲ! ಅವಳು ಯುಗಾದಿಗೆ ಶುಭಾಶಯ ಹಾಕಿದರೂ ಸುಮ್ಮನೆ, ದೀಪಾವಳಿಗೆ ಹಾಕಿದರೂ ಸುಮ್ಮನೆ. ಎಲ್ಲರೂ ನೋಡುತ್ತಿದ್ದರು, ಒಬ್ಬರೂ ಉಸಿರೆತ್ತುತ್ತಿರಲಿಲ್ಲ.

ಆದರೆ ಹೆಸರಿಡುವುದು ಯುಗಾದಿಯಂತಲ್ಲ. ಮಗುವನ್ನು ಮಲಗಿಸುವ ತೊಟ್ಟಿಲು ತೌರಿನಿಂದಲೇ ಬರಬೇಕು. ಬರದಿದ್ದರೆ ಗಂಡನ ಕಡೆಯವರ ಎದುರು ಆ ಹುಡುಗಿ ಜೀವನಪೂರ್ತಿ ತೌರಿಲ್ಲದವಳು.

ಸ್ನೇಹಲತಾ ಮಾವನಿಗೆ ಓದಿ ಹೇಳಿದಳು. ಮಾವ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚುತ್ತಲೇ ಇದ್ದರು. ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ.

ಮಧ್ಯಾಹ್ನವಾಯಿತು. ಫೋಟೋವನ್ನು ಹೆಚ್ಚೂಕಡಿಮೆ ಎಲ್ಲರೂ ನೋಡಿಯಾಗಿತ್ತು. ಪಾತ್ರೆ ತೊಳೆದು ಬಂದು ಸ್ನೇಹಲತಾ ಮತ್ತೆ ನೋಡಿದಳು. ಪುಟ್ಟ ಮುಷ್ಟಿ ಕಟ್ಟಿಕೊಂಡು ಮಲಗಿದ ಮಗುವಿನ ಕೆಳಗೆ ಒಂದು ಅಕ್ಷರವಿಲ್ಲ. ಥೂ, ಇದೇನು ಬಾಳು ಅನ್ನಿಸಿತು ಅವಳಿಗೆ. ಧೈರ್ಯ ಬಂತು ಅಂತಲ್ಲ, ಸುಸ್ತಾಗಿಹೋಗಿತ್ತು ಅಷ್ಟೆ. ಮಾವನ ಫೋನು ತೆಗೆದುಕೊಂಡು 'ಶುಭವಾಗಲಿ ಮಗಳೇ' ಅಂತ ಒತ್ತಿ ಕಳಿಸಿಬಿಟ್ಟಳು.

ಅಳಿಸಲೇ ಅಂದುಕೊಳ್ಳುವಷ್ಟರಲ್ಲಿ ಹೂವು ಸುರಿಯತೊಡಗಿತ್ತು. ಚನ್ನರಾಯಪಟ್ಟಣದಿಂದ ಹೂವು, ಹಾಸನದಿಂದ ಹೂವು, ಮುದ್ದಾಗಿದೆ ಪಾಪು ಅಂತ ಒಬ್ಬರು, ಅಜ್ಜಿಯದೇ ಮೂಗು ಅಂತ ಇನ್ನೊಬ್ಬರು. ಬಾಯಿ ಬಂದ್ ಆಗಿದ್ದ ಸಂಜಯ್ ಕೂಡ ಮೂರು ಹೃದಯ ಹಾಕಿದ.

ಅಷ್ಟರಲ್ಲಿ ಅವಳ ಸ್ವಂತ ಫೋನು ಹೊಡೆದುಕೊಂಡಿತು. ಮೇಘಶ್ರೀ.

"ಅತ್ತಿಗೆ, ಅದು ನೀವು ಬರೆದಿದ್ದು ಅಲ್ವಾ?"

ಸ್ನೇಹಲತಾ ಮಾವನ ಫೋನನ್ನು ಜಗಲಿಯ ಮೇಲೆ ಅವರ ಪಕ್ಕಕ್ಕಿಟ್ಟು ಅಡುಗೆಮನೆಗೆ ಸರಿದಳು.

"ಅಪ್ಪ ನನ್ನ ಯಾವತ್ತೂ ಮಗಳೇ ಅಂದೋರಲ್ಲ. ಮಗ ಅಂತಾನೇ ಕರೀತಿದ್ರು." ಆ ಕಡೆ ಮಗು ಕುಂಯ್‌ಗುಟ್ಟಿತು. "ಇರ್ಲಿ ಬಿಡಿ. ಅಳಿಸ್ಬೇಡಿ ಅತ್ತಿಗೆ."

ಫೋನಿಟ್ಟ ಮೇಲೆ ಸ್ನೇಹಲತಾ ಅಡುಗೆಮನೆಯ ಗೋಡೆಗೊರಗಿ ಒಂದಿಷ್ಟು ಅತ್ತಳು.

ಹೊರಗೆ ಮಾವನ ಫೋನಿಗೆ ಕರೆಯ ಮೇಲೆ ಕರೆ. ಬಂದ ಕರೆಗೆ ಬೆರಳಾಡಿಸಿ ಕಿವಿಗಿಟ್ಟುಕೊಳ್ಳುವುದು ಮಾತ್ರ ಅವರಿಗೆ ರೂಢಿಯಾಗಿತ್ತು. ಅರಕಲಗೂಡಿನ ನಂಜಪ್ಪನ ಗಂಟಲು ಅಡುಗೆಮನೆವರೆಗೂ ಕೇಳುತ್ತಿತ್ತು.

"ದೊಡ್ಡ ಮನಸ್ ಮಾಡ್ಬುಟ್ರಿ ಕಣಣ್ಣ. ನಮ್ಗೂ ಅದೇ ಆಸೆ ಇತ್ತು. ನೀವೇನಂತೀರೋ ಅಂತ ಸುಮ್ಕಿದ್ವಿ."

ಮಾವ ಕೇಳಿಸಿಕೊಂಡರು. ಹಾಗೆ ನಾಲ್ಕಾರು ಜನದ್ದು ಕೇಳಿಸಿಕೊಂಡರು. ಎಲ್ಲರದೂ ಅದೇ ಮಾತು. ಸ್ನೇಹಲತಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜನ ಏನಂತಾರೋ ಅಂತ ಇವರು, ಇವರೇನಂತಾರೋ ಅಂತ ಜನ. ನಡುವೆ ಒಂದು ಹೆಣ್ಣುಜೀವ ತೌರಿನವರಿಲ್ಲದೆ ಒಂಟಿಯಾಗಿ ಬಸುರು, ಹೆರಿಗೆ ಮುಗಿಸಿತ್ತು.

ಸಂಜೆ ಕಾಫಿ ಕೊಡಲು ಹೋದಾಗ ಮಾವ ಲೋಟ ಮುಟ್ಟಲಿಲ್ಲ.

"ನಾನೇನೋ ಹಾಕಿವ್ನಂತಲ್ಲವ್ವ. ಓದು, ಕೇಳಾನ."

ಅವಳು ತಲೆ ತಗ್ಗಿಸಿ ಓದಿದಳು. ಬೈಗುಳಕ್ಕೆ ಕಾದಳು. ಮಾವ ಕಾಣದ ಕಣ್ಣನ್ನು ಬೀದಿಯ ಕಡೆಗೆ ತಿರುಗಿಸಿದರು.

"ಮಗಳೇ ಅಂತ ಯಾವತ್ ಕರ್ದಿದ್ದೆ ನಾನು," ಅಂದರು. "ಇನ್ನೊಂದ್ ಸಲ ಹಾಕು. ಮಗ, ಬಾನ್ವಾರ ತೊಟ್ಲು ತತ್ತೀವಿ ಅಂತ ಹಾಕು. ಮಗ ಅಂತ್ಲೇ ಹಾಕು."

ಅವಳು ಹಾಕಿದಳು. ಓದಿದರೋ ಇಲ್ಲವೋ, ನೆಂಟರು ಮತ್ತೆ ಹೂವು ಸುರಿದರು. ಅಷ್ಟು ಹೂವಿನ ನಡುವೆ ಮೇಘಶ್ರೀಯದು ಒಂದು ಸಾಲು ಬಂತು. ಸ್ನೇಹಲತಾ ಅದನ್ನು ಓದಿದಳು.

"'ಅಪ್ಪ, ಊಟ ಆಯ್ತಾ?' ಅಂತ ಕೇಳವ್ಳೆ, ಮಾವ."

ಬೆಳಗ್ಗೆಯಿಂದ ಒಂದು ತುತ್ತೂ ಬಾಯಿಗಿಡದ ಪುಟ್ಟಸ್ವಾಮಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಆಯ್ತು ಅಂತ ಹಾಕು," ಅಂದರು.